ಒಂಬತ್ತು ಗಂಟೆ ತಡವಾಗಿ ಬಂದವರು

ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯ ಗೋಡೆಯ ಮೇಲೆ ಪ್ರಪಂಚದ ಒಂದು ಹಳೆಯ ಭೂಪಟವಿದೆ. ಹೋದ ತಿಂಗಳು ಪಾಠ ಮುಗಿದ ಮೇಲೆ ನಾಲ್ಕೈದು ಮಕ್ಕಳು ಅದರ ಮುಂದೆ ನಿಂತು ಊರುಗಳ ಹೆಸರನ್ನು ಕೂಡಿಸಿ ಓದುವ ಆಟ ಆಡುತ್ತಿದ್ದರು. ಅವರಲ್ಲೊಬ್ಬಳು ಆಸ್ಟ್ರೇಲಿಯಾದ ಮೇಲೆ ಬೆರಳಿಟ್ಟು, "ಸರ್, ಇಲ್ಲಿ ಅಂಚಿನಲ್ಲೆಲ್ಲ ಊರುಗಳಿವೆ, ನಡುವೆ ಏನೂ ಇಲ್ಲವಲ್ಲ, ಬರೆಯೋದಕ್ಕೆ ಮರೆತುಬಿಟ್ಟರಾ?" ಎಂದು ಕೇಳಿದಳು. ಪ್ರಶ್ನೆ ಚಿಕ್ಕದು. ಉತ್ತರ ಹೇಳಹೊರಟರೆ ಅದೇ ಒಂದು ದೊಡ್ಡ ಕಥೆಯಾಯಿತು. ಅಂದು ಹೇಳಿದ್ದನ್ನು ತರಗತಿಗೆ ಬರಲಾಗದ ಮಕ್ಕಳಿಗೂ, ಅವರಿಗೆ ಓದಿ ಹೇಳುವ ತಂದೆತಾಯಿಗಳಿಗೂ ತಲುಪಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಮಕ್ಕಳೇ, ಆಸ್ಟ್ರೇಲಿಯಾ ನಮ್ಮ ಭಾರತಕ್ಕಿಂತ ಎರಡು ಪಟ್ಟಿಗೂ ದೊಡ್ಡದಾದ ಭೂಖಂಡ. ೧೭೮೮ರಲ್ಲಿ ಇಂಗ್ಲಿಷರು ಅಲ್ಲಿ ಬಂದು ನೆಲಸಿದರು. ಅವರ ಊರುಗಳೆಲ್ಲ ಕಡಲತೀರದಲ್ಲೇ ಬೆಳೆದುವು. ಎಪ್ಪತ್ತು ವರ್ಷ ಕಳೆದರೂ ನಡುನಾಡಿನಲ್ಲಿ ಏನಿದೆ ಎಂಬುದು ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. ಅಲ್ಲೊಂದು ದೊಡ್ಡ ಒಳಸಮುದ್ರವಿದೆ ಎಂದು ಕೆಲವರು ನಂಬಿದ್ದರು. ಬರಿಯ ಮರುಭೂಮಿ ಎಂದು ಕೆಲವರು ಹೇಳುತ್ತಿದ್ದರು. ಲೈಖಾರ್ಟ್ ಎಂಬ ಜರ್ಮನ್ ಸಾಹಸಿ ೧೮೪೮ರಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ದಾಟುತ್ತೇನೆಂದು ಸಂಗಡಿಗರೊಡನೆ ಹೋದವನು ಮರಳಿ ಬರಲೇ ಇಲ್ಲ. ಆದ್ದರಿಂದ ಅವರ ನಕ್ಷೆಯ ನಡುಭಾಗ ಬಿಳಿಯ ಕಾಗದವಾಗಿಯೇ ಉಳಿದಿತ್ತು.

'ಅವರ ನಕ್ಷೆಯ' ಎಂದು ನಾವು ಬೇಕೆಂದೇ ಬರೆದಿದ್ದೇವೆ. ಆ ನಾಡಿನಲ್ಲಿ ಐವತ್ತು ಸಾವಿರ ವರ್ಷಗಳಿಗೂ ಹಿಂದಿನಿಂದ ಮೂಲನಿವಾಸಿಗಳು ಬಾಳಿಕೊಂಡು ಬಂದಿದ್ದರು. ಇಂಗ್ಲಿಷರು ಬರುವ ಕಾಲಕ್ಕೆ ಅವರಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಭಾಷೆಗಳಿದ್ದುವು. ಯಾವ ಹೊಂಡದಲ್ಲಿ ಬೇಸಿಗೆಯಲ್ಲೂ ನೀರು ಉಳಿಯುತ್ತದೆ, ಯಾವ ಗಿಡದ ಬೇರು ತಿನ್ನಲು ಬರುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕಥೆಯ ಕೊನೆಯಲ್ಲಿ ಬೇಕಾಗುತ್ತದೆ.

ಮೆರವಣಿಗೆ ಹೊರಟಿತು

೧೮೫೧ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಚಿನ್ನ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಅದರ ರಾಜಧಾನಿ ಮೆಲ್ಬೋರ್ನ್ ಶ್ರೀಮಂತ ನಗರವಾಯಿತು. ಕೈಯಲ್ಲಿ ಹಣ ಬಂದ ಮೇಲೆ ಹೆಸರೂ ಬೇಕೆನಿಸುವುದು ಸಹಜ. ಭೂಖಂಡವನ್ನು ದಕ್ಷಿಣದ ಕಡಲಿನಿಂದ ಉತ್ತರದ ಕಡಲಿನವರೆಗೆ ಮೊದಲು ದಾಟಿದವರು ನಮ್ಮವರೇ ಆಗಬೇಕು ಎಂದು ಅಲ್ಲಿನ ಗಣ್ಯರು ನಿಶ್ಚಯಿಸಿದರು. ನೆರೆಯ ದಕ್ಷಿಣ ಆಸ್ಟ್ರೇಲಿಯಾ ಪ್ರಾಂತ್ಯವೂ ಸುಮ್ಮನಿರಲಿಲ್ಲ. ಹಾಗೆ ದಾಟಿದವರಿಗೆ ಎರಡು ಸಾವಿರ ಪೌಂಡುಗಳ ಬಹುಮಾನವನ್ನು ಅದು ಸಾರಿತ್ತು. ಜಾನ್ ಮೆಕ್‌ಡುವಲ್ ಸ್ಟುವರ್ಟ್ ಎಂಬ ಅನುಭವಿ ಅನ್ವೇಷಕ ಅದರ ಪರವಾಗಿ ೧೮೬೦ರಲ್ಲಿ ಆಗಲೇ ಹೊರಟಿದ್ದನು. ಹೀಗೆ ನಾಡನ್ನು ಅರಿಯುವ ಕೆಲಸ ಓಟದ ಪಂದ್ಯವಾಗಿ ಮಾರ್ಪಟ್ಟಿತು.

ಮೆಲ್ಬೋರ್ನಿನ ರಾಯಲ್ ಸೊಸೈಟಿಯವರು ಒಂದು ಸಮಿತಿ ಮಾಡಿದರು. ಅದರಲ್ಲಿ ಒಳನಾಡನ್ನು ಕಣ್ಣಾರೆ ಕಂಡವರು ತೀರ ಕಡಿಮೆ. ಅವರು ನಾಯಕನೆಂದು ಆರಿಸಿದ್ದು ರಾಬರ್ಟ್ ಓ'ಹಾರಾ ಬರ್ಕ್ ಎಂಬ ಐರಿಷ್ ಪೊಲೀಸ್ ಅಧಿಕಾರಿಯನ್ನು. ನಲವತ್ತರ ಆಸುಪಾಸಿನವನು, ಹಿಂದೆ ಆಸ್ಟ್ರಿಯಾ ದೇಶದ ಸೈನ್ಯದಲ್ಲಿದ್ದವನು. ಧೈರ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಕಾಡುಮೇಡಿನಲ್ಲಿ ದಾರಿ ಹುಡುಕಿದ ಅನುಭವ ಅವನಿಗೆ ಇರಲಿಲ್ಲ, ತಾಳ್ಮೆ ಮೊದಲೇ ಇರಲಿಲ್ಲ. ಅವನ ತಂಡದಲ್ಲಿ ಮೋಜಣಿದಾರನಾಗಿ ಬಂದವನು ವಿಲಿಯಂ ಜಾನ್ ವಿಲ್ಸ್. ಇಪ್ಪತ್ತಾರು ವರ್ಷದ ಶಾಂತ ಸ್ವಭಾವದ ಯುವಕ. ನಕ್ಷತ್ರಗಳನ್ನು ನೋಡಿ ತಾವೆಲ್ಲಿದ್ದೇವೆಂದು ಲೆಕ್ಕ ಹಾಕಿ ಹೇಳಬಲ್ಲವನು.

೧೮೬೦ರ ಆಗಸ್ಟ್ ೨೦. ರಾಯಲ್ ಪಾರ್ಕ್ ಎಂಬ ಮೈದಾನದಲ್ಲಿ ಸುಮಾರು ಹದಿನೈದು ಸಾವಿರ ಜನ ನೆರೆದಿದ್ದರು. ತಂಡದಲ್ಲಿ ೧೯ ಜನ, ೨೬ ಒಂಟೆಗಳು, ೨೩ ಕುದುರೆಗಳು, ಆರು ಬಂಡಿಗಳು. ಎರಡು ವರ್ಷಕ್ಕಾಗುವಷ್ಟು ಆಹಾರ. ಸಾಮಾನಿನ ತೂಕ ಸುಮಾರು ಇಪ್ಪತ್ತು ಟನ್ನು. ಅದರಲ್ಲಿ ಓಕ್ ಮರದ ಮೇಜು, ಕುರ್ಚಿಗಳು, ಒಂದು ದೊಡ್ಡ ಜಾಗಟೆ, ಬಾಣಬಿರುಸುಗಳೂ ಇದ್ದುವು! ಬ್ಯಾಂಡು ಬಾರಿಸಿತು, ಜನ ಕೂಗಿದರು, ಟೋಪಿ ಬೀಸಿದರು. ಮೈದಾನ ದಾಟುವ ಮೊದಲೇ ಒಂದು ಬಂಡಿ ಮುರಿದುಬಿತ್ತು. ಅಂದು ರಾತ್ರಿ ಅವರು ಬಿಡಾರ ಹೂಡಿದ್ದು ನಗರದ ಅಂಚಿನ ಎಸೆಂಡನ್ನಿನಲ್ಲಿ. ನಡೆದದ್ದು ಕೆಲವೇ ಮೈಲಿ.

ಮುಂದೆ ನಡೆಯಬೇಕಾದದ್ದು ಎಷ್ಟು ಗೊತ್ತೆ? ಉತ್ತರದ ಕಡಲಿಗೆ ಸುಮಾರು ೩,೨೫೦ ಕಿಲೋಮೀಟರು. ನೀವು ಬೇಸಿಗೆ ರಜೆಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಯಿಂದ ಬೆಂಗಳೂರಿಗೆ ಹೋಗುತ್ತೀರಲ್ಲ, ಅದರ ಮೂರರಷ್ಟು. ರೈಲಿಲ್ಲ, ರಸ್ತೆಯಿಲ್ಲ, ನಡುವೆ ಇಡ್ಲಿ ಮಾರುವ ಸ್ಟೇಷನ್ನೂ ಇಲ್ಲ.

ಕರಾಚಿಯಿಂದ ಬಂದವರು

ಆಸ್ಟ್ರೇಲಿಯಾದಲ್ಲಿ ಒಂಟೆ ಎಲ್ಲಿಂದ ಬಂತು ಎಂದು ತರಗತಿಯಲ್ಲಿ ಒಬ್ಬ ಹುಡುಗ ಕೇಳಿದನು. ಅದು ಆ ದೇಶದ ಪ್ರಾಣಿಯಲ್ಲ. ಬಹುಪಾಲು ಒಂಟೆಗಳು ಹೋದದ್ದು ನಮ್ಮ ಕಡೆಯಿಂದಲೇ. ಜಾರ್ಜ್ ಲ್ಯಾಂಡೆಲ್ಸ್ ಎಂಬವನನ್ನು ವಿಕ್ಟೋರಿಯಾ ಸರ್ಕಾರ ಭಾರತಕ್ಕೆ ಕಳಿಸಿತ್ತು. ಅವನು ೨೪ ಒಂಟೆಗಳನ್ನು ಕೊಂಡು ಕರಾಚಿಯಿಂದ ಹಡಗು ಹತ್ತಿಸಿ ೧೮೬೦ರ ಜೂನಿನಲ್ಲಿ ಮೆಲ್ಬೋರ್ನಿಗೆ ತಲುಪಿಸಿದನು. ಆ ಒಂಟೆಗಳ ಹೆಸರನ್ನು ಕೇಳಿದರೇ ಊರು ತಿಳಿಯುತ್ತದೆ: ರಾಜಾ, ಲಂಡಾ, ಗೋಲಾ ಸಿಂಗ್. ಅವುಗಳ ಜೊತೆಗೆ ನೋಡಿಕೊಳ್ಳುವ ಆಳುಗಳೂ ಬಂದರು. ಇಂಗ್ಲಿಷರು ಅವರನ್ನು ಸಿಪಾಯಿಗಳೆಂದು ಕರೆದರು. ದೋಸ್ತ್ ಮಹಮ್ಮದ್, ಈಸಾ ಖಾನ್, ಬಲೂಚ್, ಸಾಮ್ಲಾ ಎಂಬ ನಾಲ್ವರು ದಂಡಿನೊಡನೆ ಹೊರಟರು. ಭಾರತದಲ್ಲಿ ಸೈನಿಕನಾಗಿದ್ದ ಜಾನ್ ಕಿಂಗ್ ಎಂಬ ಇಪ್ಪತ್ತೊಂದು ವರ್ಷದ ಐರಿಷ್ ಹುಡುಗನೂ ಒಂಟೆಗಳ ಜೊತೆಯಲ್ಲೇ ಬಂದವನು.

ಇವರಲ್ಲಿ ಸಾಮ್ಲಾ ಹಿಂದೂ. ದಂಡಿನಲ್ಲಿ ಕೊಡುತ್ತಿದ್ದ ಮಾಂಸದ ಊಟ ಅವನ ಧರ್ಮಕ್ಕೆ ಒಗ್ಗಲಿಲ್ಲ. ಹೊರಟ ಕೆಲವೇ ದಿನಗಳಲ್ಲಿ ಅವನು ಕೆಲಸ ಬಿಟ್ಟು ಹಿಂದಿರುಗಿದನು. ಇಪ್ಪತ್ತು ಟನ್ ಸಾಮಾನು ಕಟ್ಟಿದವರಿಗೆ ಆ ಒಬ್ಬನ ತಟ್ಟೆಯ ಯೋಚನೆ ಬರಲಿಲ್ಲ. ದೊಡ್ಡ ಇತಿಹಾಸದ ಪುಸ್ತಕಗಳಲ್ಲಿ ಅವನ ಪಾಲಿಗೆ ಒಂದೆರಡು ಸಾಲು ಮಾತ್ರ ಸಿಗುತ್ತದೆ. ಪರಊರಿನಲ್ಲಿ ಊಟಕ್ಕಾಗಿ ಒದ್ದಾಡಿದ ನೆನಪಿರುವ ನಮ್ಮ ಹಿರಿಯರಿಗೆ ಆ ಸಾಲುಗಳೇ ಸಾಕು.

ಆತುರದ ಲೆಕ್ಕ

ಮೆಲ್ಬೋರ್ನಿನಿಂದ ಡಾರ್ಲಿಂಗ್ ನದಿಯ ದಂಡೆಯ ಮೆನಿಂಡಿ ಎಂಬ ಹಳ್ಳಿಗೆ ೭೫೦ ಕಿಲೋಮೀಟರು. ಅಂಚೆಯ ಗಾಡಿ ಒಂದೆರಡು ವಾರದಲ್ಲಿ ಮುಟ್ಟುತ್ತಿದ್ದ ಆ ದಾರಿಗೆ ಇವರಿಗೆ ಎರಡು ತಿಂಗಳು ಹಿಡಿಯಿತು. ಮಳೆ, ಕೆಸರು, ಹೊರೆ. ಅದರ ಜೊತೆಗೆ ಜಗಳ. ಒಂಟೆಗಳಿಗೆ ರೋಗ ಬಾರದಿರಲೆಂದು ಲ್ಯಾಂಡೆಲ್ಸ್ ಅರವತ್ತು ಗ್ಯಾಲನ್ ರಂ ತಂದಿದ್ದನು. ದಾರಿಯಲ್ಲಿ ಕುರಿಯ ಉಣ್ಣೆ ಕತ್ತರಿಸುವವರು ಅದನ್ನು ಕುಡಿದು ಗಲಾಟೆ ಮಾಡಿದರು. ಬರ್ಕ್ ಸಿಟ್ಟಿಗೆದ್ದನು. ಲ್ಯಾಂಡೆಲ್ಸ್ ರಾಜೀನಾಮೆ ಕೊಟ್ಟು ಹೋದನು. ಆ ಸ್ಥಾನಕ್ಕೆ ವಿಲ್ಸ್ ಬಂದನು. ದಂಡಿನ ವಿಜ್ಞಾನಿಗಳನ್ನೂ ಬರ್ಕ್ ಹೊರೆಯಾಳುಗಳಂತೆ ದುಡಿಸಿದನು. ಅವರಲ್ಲೊಬ್ಬನಾದ ಲುಡ್ವಿಗ್ ಬೆಕರ್ ಐವತ್ತು ದಾಟಿದ ಚಿತ್ರಕಾರ. ಹಗಲೆಲ್ಲ ನಡೆದು ದಣಿದರೂ ದೀಪದ ಬೆಳಕಿನಲ್ಲಿ ಹಲ್ಲಿ, ಹಕ್ಕಿ, ಮೀನುಗಳ ಚಿತ್ರ ಬರೆಯುತ್ತಿದ್ದನು.

ಇತ್ತ ಸ್ಟುವರ್ಟ್ ಮುಂದೆ ಹೋಗಿಬಿಟ್ಟಾನೆಂಬ ಅಂಜಿಕೆ ಬರ್ಕ್‌ನನ್ನು ಕಾಡುತ್ತಿತ್ತು. ಅವನು ದಂಡನ್ನು ಒಡೆದನು. ಒಳ್ಳೆಯ ಒಂಟೆ ಕುದುರೆಗಳನ್ನೂ ಕೆಲವು ಜನರನ್ನೂ ಕರೆದುಕೊಂಡು ಅಕ್ಟೋಬರ್ ೧೯ರಂದು ಮುಂದೆ ಹೊರಟನು. ಉಳಿದ ಸಾಮಾನನ್ನೆಲ್ಲ ಬೇಗ ಹಿಂದೆಯೇ ತರುವ ಹೊಣೆಯನ್ನು ವಿಲಿಯಂ ರೈಟ್ ಎಂಬ ಸ್ಥಳೀಯನಿಗೆ ಒಪ್ಪಿಸಿದನು. ರೈಟ್ ತನ್ನ ನೇಮಕವನ್ನು ಸಮಿತಿ ಖಚಿತಪಡಿಸಲಿ ಎಂದು ಕಾಯುತ್ತ ಕುಳಿತನು. ಅವನು ಮೆನಿಂಡಿ ಬಿಟ್ಟದ್ದು ೧೮೬೧ರ ಜನವರಿ ೨೬ರಂದು. ಆ ಮೂರು ತಿಂಗಳ ವಿಳಂಬವನ್ನೂ ನೆನಪಿನಲ್ಲಿಟ್ಟುಕೊಳ್ಳಿ.

ನವೆಂಬರ್ ೧೧ರಂದು ಬರ್ಕ್‌ನ ತಂಡ ಕೂಪರ್ ಕ್ರೀಕ್ ಮುಟ್ಟಿತು. ಮರುಭೂಮಿಯ ನಡುವೆ ನೀರು ನಿಲ್ಲುವ ಹೊಳೆ ಅದು. ದಂಡೆಯಲ್ಲಿ ದೊಡ್ಡ ಮರಗಳು, ನೀರಿನಲ್ಲಿ ಮೀನು, ಬಾತುಕೋಳಿ. ದಕ್ಷಿಣಾರ್ಧದಲ್ಲಿ ಋತುಗಳು ತಲೆಕೆಳಗು. ನಮಗೆ ಚಳಿಗಾಲವಾದ ಡಿಸೆಂಬರ್ ಅಲ್ಲಿ ಉರಿಬೇಸಿಗೆ. ಬೇಸಿಗೆ ಕಳೆಯುವವರೆಗೆ ಇಲ್ಲೇ ನಿಲ್ಲುವುದು ಜಾಣತನವಾಗಿತ್ತು. ರೈಟ್‌ನ ಸಾಮಾನೂ ಬರಬೇಕಿತ್ತು. ಆದರೆ ಬರ್ಕ್ ಡಿಸೆಂಬರ್ ೧೬ರಂದು ವಿಲ್ಸ್, ಕಿಂಗ್, ಚಾರ್ಲ್ಸ್ ಗ್ರೇ ಎಂಬ ಹಳೆಯ ನಾವಿಕ, ಆರು ಒಂಟೆ, ಬಿಲ್ಲಿ ಎಂಬ ಒಂದು ಕುದುರೆ, ಮೂರು ತಿಂಗಳ ಆಹಾರ ಇಷ್ಟರೊಡನೆ ಉತ್ತರಕ್ಕೆ ಹೊರಟುಬಿಟ್ಟನು. ಬಿಡಾರವನ್ನು ವಿಲಿಯಂ ಬ್ರಾಹೆ ಎಂಬ ಯುವಕನಿಗೂ ಮೂವರು ಸಂಗಡಿಗರಿಗೂ ಒಪ್ಪಿಸಿದನು. ಆ ಮೂವರಲ್ಲಿ ದೋಸ್ತ್ ಮಹಮ್ಮದನೂ ಒಬ್ಬ. ಬರ್ಕ್ ಹೇಳಿದ್ದು ಮೂರು ತಿಂಗಳು ಕಾಯಿರಿ ಎಂದು. ವಿಲ್ಸ್ ಬ್ರಾಹೆಯನ್ನು ಪಕ್ಕಕ್ಕೆ ಕರೆದು ನಾಲ್ಕು ತಿಂಗಳು ಕಾಯಲು ಕೇಳಿಕೊಂಡನು.

ಕಾಣದ ಕಡಲು

ನಾಲ್ವರೂ ಕಲ್ಲು ಹರಳಿನ ಮರುಭೂಮಿ ದಾಟಿದರು, ಬೆಟ್ಟಗಳನ್ನು ಹಾದರು, ಉಷ್ಣವಲಯದ ಮಳೆಗೆ ಸಿಕ್ಕಿ ಕೆಸರಿನಲ್ಲಿ ಹೂತರು. ೧೮೬೧ರ ಫೆಬ್ರವರಿಯಲ್ಲಿ ಕಾರ್ಪೆಂಟೇರಿಯಾ ಕೊಲ್ಲಿಯ ಹತ್ತಿರ ಬಂದಾಗ ಒಂಟೆಗಳು ಹೆಜ್ಜೆ ಕೀಳಲಾರದೆ ನಿಂತುವು. ಕಿಂಗ್ ಮತ್ತು ಗ್ರೇಯನ್ನು ಅಲ್ಲಿಯೇ ಬಿಟ್ಟು ಬರ್ಕ್ ಮತ್ತು ವಿಲ್ಸ್ ಬಿಲ್ಲಿಯೊಡನೆ ಮುಂದುವರಿದರು. ಕೆಸರಿನ ನಡುವೆ ಮೂಲನಿವಾಸಿಗಳು ನಡೆದು ನಡೆದು ಸವೆದ ಗಟ್ಟಿ ಕಾಲುದಾರಿಯೊಂದು ಸಿಕ್ಕಿತು. ಅದರ ಬದಿಯಲ್ಲಿ ಅವರು ಗೆಣಸು ಅಗೆದು ತಿಂದು ಮಿಕ್ಕಿದ್ದನ್ನು ಬಿಟ್ಟುಹೋಗಿದ್ದರು. ಹಸಿದಿದ್ದ ಇಬ್ಬರೂ ಅದನ್ನು ಆರಿಸಿಕೊಂಡು ತಿಂದರು.

ಹೊಳೆಯ ನೀರು ಉಪ್ಪಾಗಿತ್ತು. ಭರತ ಇಳಿತದಲ್ಲಿ ಏರಿ ಇಳಿಯುತ್ತಿತ್ತು. ಅಂದರೆ ಕಡಲು ಹತ್ತಿರದಲ್ಲೇ ಇದೆ. ಆದರೆ ಎದುರಿಗೆ ದಟ್ಟವಾದ ಕಾಂಡ್ಲಾ ಕಾಡು. ನಮ್ಮ ಮುಂಬಯಿಯ ಖಾಡಿಗಳ ದಂಡೆಯಲ್ಲಿ ಕೆಸರಿನಲ್ಲಿ ಬೇರು ಬಿಟ್ಟು ನಿಂತಿರುತ್ತವಲ್ಲ, ಅಂಥವೇ. ಅದನ್ನು ಭೇದಿಸಿ ಹೋಗಲು ಅವರಿಗೆ ಶಕ್ತಿಯಿರಲಿಲ್ಲ. ಭೂಖಂಡವನ್ನು ದಾಟಿದ ಆ ಇಬ್ಬರು ಕಡಲನ್ನು ಕಣ್ಣಿನಿಂದ ಕಾಣದೆಯೇ ಹಿಂದಿರುಗಿದರು.

ಈಗ ಲೆಕ್ಕ ಮಾಡೋಣ. ಹೋಗುವುದಕ್ಕೆ ಎಂಟು ವಾರ ಹಿಡಿದಿತ್ತು. ಹಿಂದಿರುಗಲೂ ಅಷ್ಟೇ ಬೇಕು, ದಣಿದವರಿಗೆ ಇನ್ನೂ ಹೆಚ್ಚು. ಕೈಯಲ್ಲಿ ಉಳಿದಿದ್ದ ಆಹಾರ ನಾಲ್ಕು ವಾರದ್ದು. ಮಳೆ ಬಿಡದೆ ಹೊಡೆಯಿತು. ಒಂಟೆಗಳನ್ನು ಒಂದೊಂದಾಗಿ ಕೊಂದು ತಿಂದರು, ಕೆಲವನ್ನು ದಾರಿಯಲ್ಲೇ ಬಿಟ್ಟರು. ಏಪ್ರಿಲ್ ೧೦ರಂದು ಬಿಲ್ಲಿಯನ್ನೂ ಕೊಂದರು. ಅದಕ್ಕೂ ಮೊದಲು ಒಂದು ದಿನ ಗ್ರೇ ಮರದ ಮರೆಯಲ್ಲಿ ಕುಳಿತು ಕದ್ದು ಹಿಟ್ಟು ತಿನ್ನುತ್ತಿದ್ದುದು ಕಂಡಿತು. ಬರ್ಕ್ ಅವನನ್ನು ಹೊಡೆದನು. ತನಗೆ ಮೈಯಲ್ಲಿ ಸರಿಯಿಲ್ಲವೆಂದು ಗ್ರೇ ಹೇಳಿದರೆ ಯಾರೂ ನಂಬಲಿಲ್ಲ, ಸೋಗು ಹಾಕುತ್ತಿದ್ದಾನೆಂದರು. ಏಪ್ರಿಲ್ ೧೭ರ ಬೆಳಗ್ಗೆ ಗ್ರೇ ಸತ್ತುಹೋಗಿದ್ದನು. ಉಳಿದ ಮೂವರು ಅವನಿಗೆ ಗುಂಡಿ ತೋಡಿದರು. ಅವರಿಗೂ ತ್ರಾಣವಿರಲಿಲ್ಲವಾಗಿ ಆ ಕೆಲಸಕ್ಕೆ ಇಡೀ ದಿನ ಹಿಡಿಯಿತು.

ಮರದ ಮೇಲೆ ಕೊರೆದ ಅಕ್ಷರ

ಏಪ್ರಿಲ್ ೨೧, ಭಾನುವಾರ. ಸಂಜೆ ಏಳೂವರೆಯ ಹೊತ್ತು. ಬೆಳದಿಂಗಳಲ್ಲಿ ಮೂವರೂ ಎರಡು ಒಂಟೆಗಳೊಡನೆ ಕೂಪರ್ ಕ್ರೀಕಿನ ಬಿಡಾರಕ್ಕೆ ಬಂದರು. ಕೂಗಿ ಕರೆದರು. ಉತ್ತರವಿಲ್ಲ. ಒಲೆಯ ಬೂದಿ ಇನ್ನೂ ಬೆಚ್ಚಗಿತ್ತು. ಹೊಳೆಯ ದಂಡೆಯ ಕೂಲಿಬಾ ಮರದ ಮೇಲೆ 'ಅಗೆಯಿರಿ' ಎಂಬ ಅರ್ಥದ ಪದವನ್ನು ಹೊಸದಾಗಿ ಕೊರೆದಿತ್ತು. ಅಗೆದರು. ಪೆಟ್ಟಿಗೆಯಲ್ಲಿ ಹಿಟ್ಟು, ಅಕ್ಕಿ, ಸಕ್ಕರೆ, ಒಣಮಾಂಸ ಇದ್ದುವು. ಸೀಸೆಯಲ್ಲಿ ಒಂದು ಪತ್ರ. ಬ್ರಾಹೆ ಮತ್ತು ಅವನ ಸಂಗಡಿಗರು ಅದೇ ದಿನ ಬೆಳಗ್ಗೆ ಹೊರಟುಹೋಗಿದ್ದರು. ಒಂಬತ್ತು ಗಂಟೆಗಳ ಅಂತರ!

ಬ್ರಾಹೆಯನ್ನು ಬಯ್ಯಲು ನಮಗೆ ಮನಸ್ಸು ಬಾರದು. ಅವನು ಹೇಳಿದ ಮೂರು ತಿಂಗಳಿಗಿಂತ ಹೆಚ್ಚು, ಹದಿನೆಂಟು ವಾರ ಕಾದಿದ್ದನು. ಸಂಗಡಿಗರಿಗೆ ಸ್ಕರ್ವಿ ರೋಗ ಹಿಡಿದಿತ್ತು. ಪ್ಯಾಟನ್ ಎಂಬವನು ಕಾಲಿಗೆ ಪೆಟ್ಟಾಗಿ ನಡೆಯಲಾರದವನಾಗಿದ್ದನು. ರೈಟ್‌ನ ಸುಳಿವಿಲ್ಲ. ಆದರೆ ಪತ್ರದಲ್ಲಿ ಬ್ರಾಹೆ ತನ್ನ ಒಂಟೆ ಕುದುರೆಗಳು ಚೆನ್ನಾಗಿವೆ ಎಂದು ಬರೆದಿದ್ದನು. ಅದನ್ನೋದಿದ ಬರ್ಕ್, ಇವರನ್ನು ಹಿಂಬಾಲಿಸಿ ಹಿಡಿಯಲು ನಮ್ಮಿಂದಾಗದು ಎಂದುಕೊಂಡನು. ನಿಜವಾಗಿ ಬ್ರಾಹೆ ಅಂದು ರಾತ್ರಿ ಮಲಗಿದ್ದುದು ಕೇವಲ ಹದಿನಾಲ್ಕು ಮೈಲಿ ಆಚೆ. ದಾದರಿನಿಂದ ಠಾಣೆಗಿಂತ ಕಡಿಮೆ ದೂರ.

ವಿಲ್ಸ್ ಮತ್ತು ಕಿಂಗ್ ಬಂದ ದಾರಿಯಲ್ಲೇ ಮೆನಿಂಡಿಗೆ ಹೋಗೋಣವೆಂದರು. ಬರ್ಕ್ ಬೇರೆ ದಿಕ್ಕಿನಲ್ಲಿ ಸುಮಾರು ೨೪೦ ಕಿಲೋಮೀಟರು ದೂರದ ಮೌಂಟ್ ಹೋಪ್‌ಲೆಸ್ ಎಂಬಲ್ಲಿಗೆ ಹೊರಡಿಸಿದನು. ಹೆಸರಿನ ಅರ್ಥ 'ಆಸೆಯಿಲ್ಲದ ಬೆಟ್ಟ'. ತಾವು ಬಂದು ಹೋದೆವೆಂದು ಪತ್ರ ಬರೆದು ಅದೇ ಗುಂಡಿಯಲ್ಲಿ ಹೂತು, ಯಾರಿಗೂ ಗೊತ್ತಾಗದಂತೆ ಮಣ್ಣನ್ನು ಮೊದಲಿನಂತೆಯೇ ಮುಚ್ಚಿದರು. ಮರದ ಮೇಲೆ ಹೊಸದಾಗಿ ಏನನ್ನೂ ಕೊರೆಯಲಿಲ್ಲ.

ಇಲ್ಲಿ ಕೇಳಿ. ಬ್ರಾಹೆ ದಾರಿಯಲ್ಲಿ ರೈಟ್‌ನನ್ನು ಸೇರಿದನು. ಮನಸ್ಸು ತಡೆಯದೆ ಇಬ್ಬರೂ ಕುದುರೆಯೇರಿ ಮೇ ೮ರಂದು ಮತ್ತೆ ಆ ಮರದ ಬಳಿಗೆ ಬಂದರು. ಮಣ್ಣು ಹಾಗೆಯೇ ಇತ್ತು, ಮರದ ಮೇಲೆ ತಾನು ಕೊರೆದದ್ದೇ ಇತ್ತು. ಯಾರೂ ಬಂದಿಲ್ಲವೆಂದು ಕಾಲು ಗಂಟೆ ನಿಂತು ನೋಡಿ, ಅಗೆಯದೆ ಹೊರಟುಹೋದರು. ಆಗ ಬರ್ಕ್ ಮತ್ತು ಸಂಗಡಿಗರು ಅದೇ ಹೊಳೆಯ ಕೆಳಗಣ ದಂಡೆಯಲ್ಲಿದ್ದರು. ಮೇ ಕೊನೆಯಲ್ಲಿ ವಿಲ್ಸ್ ತಾನೂ ಒಮ್ಮೆ ಆ ಮರದ ಬಳಿಗೆ ಬಂದನು. ಬ್ರಾಹೆ ಬಂದುಹೋದ ಗುರುತು ಅವನಿಗೂ ಕಾಣಲಿಲ್ಲ. ನೀವು ಮನೆಗೆ ಬೀಗ ಹಾಕಿ ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿಹೋಗಿ ಎಂದು ಅಮ್ಮ ಏಕೆ ಹೇಳುತ್ತಾರೆಂದು ಈಗ ತಿಳಿಯಿತೆ?

ಹೊಟ್ಟೆ ತುಂಬಿಯೂ ಹಸಿವು

ಲಂಡಾ ಎಂಬ ಒಂಟೆ ಹೊಳೆಯ ಕೆಸರಿನಲ್ಲಿ ಹೂತುಹೋಯಿತು. ರಾಜಾ ನಿಶ್ಶಕ್ತಿಯಿಂದ ಬಿದ್ದಿತು. ನೀರು ಹೊರಲು ಒಂಟೆಯಿಲ್ಲದೆ ಮರುಭೂಮಿ ದಾಟುವಂತಿಲ್ಲ. ಮೂವರೂ ಹೊಳೆಯ ದಂಡೆಯಲ್ಲೇ ಸಿಕ್ಕಿಬಿದ್ದರು.

ಆ ದಂಡೆ ಯಾಂಡ್ರುವಾಂಡಾ ಎಂಬ ಜನರ ನಾಡು. ಅವರು ಈ ಬಡಕಲು ಬಿಳಿಯರನ್ನು ಕಂಡು ಮರುಗಿದರು. ಮೀನು ಕೊಟ್ಟರು. ನಾರ್ಡೂ ಎಂಬ ಜರೀಗಿಡದ ಬೀಜದಂಥ ಕಾಯಿಗಳಿಂದ ಮಾಡಿದ ರೊಟ್ಟಿ ಕೊಟ್ಟರು. ನಮ್ಮ ಗದ್ದೆ ಕೆರೆಗಳ ನೀರಿನಲ್ಲಿ ನಾಲ್ಕು ಎಲೆ ಬಿಡಿಸಿಕೊಂಡು ತೇಲುವ ಸಣ್ಣ ಸಸ್ಯವೊಂದಿದೆ. ನಾರ್ಡೂ ಅದರದೇ ಬಳಗದ್ದು. ಆದರೆ ಬರ್ಕ್‌ಗೆ ಆ ಜನರ ಸಲಿಗೆ ಹಿಡಿಸಲಿಲ್ಲ. ಅವರ ಹಂಗಿನಲ್ಲಿರುವುದು ಅವಮಾನವೆನಿಸಿತೋ, ಬಿಡಾರಕ್ಕೆ ಬಂದು ಕೂತುಬಿಟ್ಟಾರೆಂದು ಅಂಜಿದನೋ. ಒಂದು ದಿನ ಅವರು ತಂದ ಮೀನನ್ನು ಅವನು ಕೈಯಿಂದ ತಳ್ಳಿ ಕೆಡವಿ, ಅವರ ತಲೆಯ ಮೇಲೆ ಗುಂಡು ಹಾರಿಸಲು ಕಿಂಗ್‌ಗೆ ಹೇಳಿದನು. ಯಾಂಡ್ರುವಾಂಡಾ ಜನ ಬಿಡಾರ ಕಿತ್ತು ಬೇರೆಡೆಗೆ ಹೋದರು.

ಮುಂದೆ ಮೂವರೂ ತಾವೇ ನಾರ್ಡೂ ಆರಿಸಿ, ಬೀಸಿ, ತಿಂದರು. ಹೊಟ್ಟೆ ತುಂಬುತ್ತಿತ್ತು. ಆದರೂ ದಿನದಿಂದ ದಿನಕ್ಕೆ ಕಾಲಿನಲ್ಲಿ ಬಲವಿಲ್ಲ, ನಾಡಿ ಸಣ್ಣದಾಗುತ್ತಿತ್ತು. ವಿಲ್ಸ್ ಅದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟನು. ಕಾರಣ ಅವನಿಗೆ ತಿಳಿಯಲಿಲ್ಲ. ೧೯೯೪ರಲ್ಲಿ ವಿಜ್ಞಾನಿಗಳು ಅದನ್ನು ವಿವರಿಸಿದರು. ನಾರ್ಡೂವಿನಲ್ಲಿ ನಮ್ಮ ಮೈಯಲ್ಲಿರುವ 'ಬಿ-೧' ಜೀವಸತ್ವವನ್ನು ಹಾಳುಮಾಡುವ ಒಂದು ವಸ್ತುವಿದೆ. ಆ ಸತ್ವ ಇಲ್ಲದಿದ್ದರೆ ಬೆರಿಬೆರಿ ರೋಗ ಬರುತ್ತದೆ. ಪೂರಾ ಪಾಲಿಶ್ ಮಾಡಿದ ಅಕ್ಕಿಯನ್ನೇ ಉಂಡವರಿಗೆ ಹಿಂದೆ ಬರುತ್ತಿದ್ದುದೂ ಇದೇ ರೋಗ. ಯಾಂಡ್ರುವಾಂಡಾ ಹೆಂಗಸರು ನಾರ್ಡೂವನ್ನು ಮೊದಲು ಹುರಿದು, ನೀರು ಹಾಕಿ ಅರೆದು, ತೆಳ್ಳಗೆ ಅಂಬಲಿಯಂತೆ ಮಾಡಿ, ಕಪ್ಪೆಚಿಪ್ಪಿನಿಂದ ಕುಡಿಯುತ್ತಿದ್ದರು. ಆ ಕ್ರಮದಲ್ಲಿ ಕೆಡುಕಿನ ಅಂಶ ಕಳೆಯುತ್ತಿತ್ತು. ಇವರು ತಿನಿಸನ್ನು ನೋಡಿ ಕಲಿತರು, ಅಡಿಗೆಯನ್ನು ಕೇಳಿ ಕಲಿಯಲಿಲ್ಲ.

ಜೂನ್ ಕೊನೆಗೆ ವಿಲ್ಸ್ ಏಳಲಾರದವನಾದನು. ತಂದೆಗೆ ಕೊನೆಯ ಪತ್ರ ಬರೆದು, ಅದನ್ನೂ ಗಡಿಯಾರವನ್ನೂ ಬರ್ಕ್‌ಗೆ ಒಪ್ಪಿಸಿದನು. ನೀವಿಬ್ಬರೂ ಹೋಗಿ ಆ ಜನರನ್ನು ಹುಡುಕಿ, ಬದುಕುವ ದಾರಿ ಅದೊಂದೇ ಎಂದು ತಾನೇ ಹೇಳಿ ಕಳಿಸಿದನು. ತಲೆಯ ಬಳಿ ಕೆಲವು ದಿನಕ್ಕಾಗುವಷ್ಟು ನಾರ್ಡೂ, ನೀರು, ಸೌದೆ ಇಟ್ಟು ಅವರು ಹೊರಟರು. ಎರಡು ದಿನ ನಡೆಯುವಷ್ಟರಲ್ಲಿ ಬರ್ಕ್ ಕುಸಿದನು. ಕೊನೆಯುಸಿರಿನವರೆಗೆ ಬಿಟ್ಟುಹೋಗಬೇಡವೆಂದು ಕಿಂಗ್‌ನನ್ನು ಬೇಡಿದನು. ಬೆಳಗಾಗುವಾಗ ತೀರಿಕೊಂಡನು. ಕಿಂಗ್ ಹಿಂದಿರುಗಿ ಬಂದು ನೋಡಿದರೆ ವಿಲ್ಸ್ ಕೂಡ ಪ್ರಾಣ ಬಿಟ್ಟಿದ್ದನು. ಅವನಿಗಿನ್ನೂ ಇಪ್ಪತ್ತೇಳು ವರ್ಷ.

ಉಳಿದವನೊಬ್ಬ

ಈಗ ಕಿಂಗ್ ಒಬ್ಬನೇ. ಅವನು ಹೆಜ್ಜೆಗುರುತು ಹಿಡಿದು ಯಾಂಡ್ರುವಾಂಡಾ ಜನರ ಬಿಡಾರಕ್ಕೆ ಹೋದನು. ಅವರು ಅಟ್ಟಲಿಲ್ಲ, ಗುಂಡಿನ ಲೆಕ್ಕ ಕೇಳಲಿಲ್ಲ. ಮೀನು ಕೊಟ್ಟರು, ನಾರ್ಡೂ ಕೊಟ್ಟರು, ಮಲಗಲು ಜಾಗ ತೋರಿಸಿದರು. ಕಿಂಗ್ ಹಕ್ಕಿ ಹೊಡೆದು ತಂದು ಅವರಿಗೆ ಕೊಡುತ್ತಿದ್ದನು. ಒಬ್ಬ ಹೆಂಗಸಿನ ತೋಳಿನಲ್ಲಿ ಹುಣ್ಣಾಗಿತ್ತು. ಕಿಂಗ್ ನೀರು ಕಾಯಿಸಿ ತೊಳೆದು ಔಷಧಿ ಹಚ್ಚಿದನು. ಅಂದಿನಿಂದ ಅವಳೂ ಅವಳ ಗಂಡನೂ ಅವನನ್ನು ಮನೆಯವನಂತೆ ನೋಡಿಕೊಂಡರು. ಬರ್ಕ್ ಸತ್ತ ಜಾಗವನ್ನು ಅವನು ತೋರಿಸಿದಾಗ, ಆ ಜನರೆಲ್ಲ ಎಲುಬುಗಳನ್ನು ಕಂಡು ಅತ್ತು, ಅವುಗಳ ಮೇಲೆ ಸೊಪ್ಪುಸದೆ ಮುಚ್ಚಿದರೆಂದು ಕಿಂಗ್ ಮುಂದೆ ಹೇಳಿದನು. ತಮ್ಮ ಮೀನನ್ನು ನೆಲಕ್ಕೆ ಕೆಡವಿದವನಿಗಾಗಿ ಅವರು ಅತ್ತರು.

ಹೀಗೆ ಎರಡೂವರೆ ತಿಂಗಳು ಕಳೆಯಿತು. ಮೆಲ್ಬೋರ್ನಿನಿಂದ ಹುಡುಕಿಕೊಂಡು ಬಂದ ಆಲ್ಫ್ರೆಡ್ ಹೋವಿಟ್‌ನ ತಂಡಕ್ಕೆ ಸೆಪ್ಟೆಂಬರ್ ೧೫ರಂದು ಕಿಂಗ್ ಸಿಕ್ಕನು. ಮೈ ಬಿಸಿಲಿಗೆ ಕಪ್ಪಾಗಿ ಬಟ್ಟೆ ಚಿಂದಿಯಾಗಿ ಗುರುತೇ ಸಿಗದಂತಿದ್ದನು. ಭೂಖಂಡ ದಾಟಿ ಮರಳಿದ ನಾಲ್ವರಲ್ಲಿ ಬದುಕಿ ಬಂದವನು ಅವನೊಬ್ಬನೇ. ಅವನೂ ಮುಂದೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ೧೮೭೨ರಲ್ಲಿ ಮೂವತ್ತಮೂರನೆಯ ವಯಸ್ಸಿಗೆ ಕ್ಷಯದಿಂದ ತೀರಿಕೊಂಡನು. ರೈಟ್‌ನ ತಂಡದಲ್ಲಿ ಚಿತ್ರಕಾರ ಬೆಕರ್ ಸೇರಿ ಮೂವರು, ಬ್ರಾಹೆಯ ಸಂಗಡಿಗ ಪ್ಯಾಟನ್ ಎಲ್ಲರೂ ದಾರಿಯಲ್ಲೇ ಸತ್ತಿದ್ದರು. ಒಟ್ಟು ಏಳು ಜನ.

೧೮೬೩ರ ಜನವರಿ ೨೧ರಂದು ಮೆಲ್ಬೋರ್ನಿನಲ್ಲಿ ಬರ್ಕ್ ಮತ್ತು ವಿಲ್ಸರಿಗೆ ಸರ್ಕಾರಿ ಗೌರವದ ಶವಯಾತ್ರೆ ನಡೆಯಿತು. ಹೊರಟಾಗ ಬಂದವರಿಗಿಂತ ಹೆಚ್ಚು ಜನ ಈಗ ಬಂದರು. ಬಹುಮಾನದ ದಾರಿಯನ್ನು ಹಿಡಿದಿದ್ದ ಸ್ಟುವರ್ಟ್ ಮೂರು ಬಾರಿ ಪ್ರಯತ್ನಿಸಿ, ಆಗದಿದ್ದಾಗ ಹಿಂದಿರುಗಿ, ೧೮೬೨ರ ಜುಲೈಯಲ್ಲಿ ಕಡಲು ಮುಟ್ಟಿದನು. ತನ್ನ ಸಂಗಡಿಗರನ್ನೆಲ್ಲ ಜೀವಂತವಾಗಿ ಮನೆಗೆ ಕರೆತಂದನು. ೧೮೭೨ರಲ್ಲಿ ಅವನ ಜಾಡಿನಲ್ಲೇ ತಂತಿ ಕಂಬಗಳು ನಿಂತುವು. ಹಿಂದಿರುಗುವುದೂ ಒಂದು ವಿದ್ಯೆ ಎಂಬುದು ಅವನಿಗೆ ತಿಳಿದಿತ್ತು.

ಯಾಂಡ್ರುವಾಂಡಾ ಜನರಿಗೆ ಏನು ಸಿಕ್ಕಿತು? ಕೃತಜ್ಞತೆಯ ಬರಹವಿದ್ದ ಹಿತ್ತಾಳೆಯ ಫಲಕಗಳು ಸಿಕ್ಕಿದುವು. ಕೆಲವೇ ವರ್ಷಗಳಲ್ಲಿ ಅದೇ ಹೊ­ಳೆಯ ದಂಡೆಗೆ ಬಿಳಿಯರ ದನ ಕುರಿಗಳು ಬಂದು ಆ ಜನರ ನೆಲ ಅವರ ಕೈತಪ್ಪಿತು. ಇನ್ನು ದೋಸ್ತ್ ಮಹಮ್ಮದ್? ಮುಂದೊಂದು ದಿನ ಒಂಟೆ ಕಚ್ಚಿ ಅವನ ತೋಳು ಕೆಲಸಕ್ಕೆ ಬಾರದಂತಾಯಿತು. ಅವನು ಊರಿಗೆ ಮರಳಲಿಲ್ಲ. ಮೆನಿಂಡಿಯ ಬಳಿ ಅವನ ಗೋರಿಯಿದೆ. ೧೮೬೬ರಿಂದ ಮುಂದೆ ಕರಾಚಿಯ ಕಡೆಯಿಂದ ಇನ್ನೂ ಅನೇಕ ಒಂಟೆಗಳು, ಒಂಟೆಯಾಳುಗಳು ಹೋಗಿ ಆ ಒಳನಾಡಿನ ಊರುಗಳಿಗೆ ಹಿಟ್ಟು, ಉಣ್ಣೆ, ತಂತಿಕಂಬಗಳನ್ನು ಹೊತ್ತರು. ಅವರೆಲ್ಲರನ್ನೂ ಅಲ್ಲಿನವರು ಆಫ್ಘನ್ನರೆಂದೇ ಕರೆದರು. ಇಂದು ಆ ಭೂಖಂಡವನ್ನು ದಕ್ಷಿಣೋತ್ತರವಾಗಿ ದಾಟುವ ರೈಲಿಗೆ 'ದಿ ಘಾನ್' ಎಂಬ ಹೆಸರು ಬಂದದ್ದು ಅವರಿಂದ.

ಒಂಬತ್ತು ಗಂಟೆಯೇ ಕಾರಣವೆ?

ಕಥೆ ಮುಗಿದಾಗ ಭೂಪಟದ ಮುಂದಿದ್ದ ಮಕ್ಕಳಲ್ಲಿ ಒಬ್ಬನು, "ಗ್ರೇಯನ್ನು ಹೂಳದೆ ಬಂದಿದ್ದರೆ ಒಂದು ದಿನ ಉಳೀತಿತ್ತು, ಎಲ್ಲರೂ ಬದುಕ್ತಿದ್ದರು" ಎಂದನು. ಲೆಕ್ಕ ಸರಿ. ಈ ಕಥೆ ಹೇಳುವ ದೊಡ್ಡವರೂ ಹಾಗೆಯೇ ಹೇಳುತ್ತಾರೆ, ಅದೃಷ್ಟ ಕೈಕೊಟ್ಟಿತೆನ್ನುತ್ತಾರೆ. ಆದರೆ ನಮಗನಿಸುವುದು ಬೇರೆ. ಸತ್ತ ಸಂಗಡಿಗನಿಗೆ ಮಣ್ಣು ಕೊಟ್ಟ ಆ ದಿನವನ್ನು ಕಳೆಯಬೇಡಿ. ಆ ಪ್ರಯಾಣದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೊಂದು. ಕಳೆಯುವುದಾದರೆ ಮೇಜು ಕುರ್ಚಿ ಹೊತ್ತ ದಿನಗಳನ್ನು, ಜಗಳದಲ್ಲಿ ಹೋದ ವಾರಗಳನ್ನು, ರೈಟ್ ಕಾಯುತ್ತ ಕುಳಿತ ಮೂರು ತಿಂಗಳನ್ನು ಕಳೆಯಿರಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅಷ್ಟಾದರೂ ಒಂಬತ್ತು ಗಂಟೆ ತಡವಾದ ಮೇಲೆ ಅವರು ಎರಡು ತಿಂಗಳು ಜೀವಂತವಾಗಿದ್ದರು. ಸುತ್ತ ನೀರಿತ್ತು, ಮೀನಿತ್ತು, ಸಾವಿರಾರು ವರ್ಷ ಅಲ್ಲಿ ಮಕ್ಕಳು ಮರಿ ಸಾಕಿದ ಜನರಿದ್ದರು. ನಕ್ಷೆಯಲ್ಲಿ ಖಾಲಿಯಿದ್ದ ಜಾಗ ನೆಲದ ಮೇಲೆ ಖಾಲಿಯಿರಲಿಲ್ಲ. ಮಂಡಿಯೂರಿ ಕೇಳಿದವನು ಬದುಕಿದನು.

ನಿಮ್ಮ ಅಜ್ಜ ಅಜ್ಜಿ ಈ ಊರಿಗೆ ಬಂದಿಳಿದಾಗ ಇಲ್ಲಿನ ಮಾತು ಬರುತ್ತಿರಲಿಲ್ಲ. ಯಾವ ಗಾಡಿ ಹತ್ತಬೇಕು, ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಅಕ್ಕಿ ಎಲ್ಲಿ ಸಿಗುತ್ತದೆ ಎಂದು ಹೇಳಿಕೊಟ್ಟವರು ಯಾರೋ ನೆರೆಯವರು. ಅವರು ಯಾರೆಂದು ಇಂದು ಮನೆಯಲ್ಲಿ ಕೇಳಿ, ಆ ಹೆಸರನ್ನು ಕನ್ನಡದಲ್ಲಿ ಬರೆದುಕೊಂಡು ಮುಂದಿನ ಭಾನುವಾರ ತರಗತಿಗೆ ತನ್ನಿ. ಭೂಪಟದ ಪಕ್ಕದಲ್ಲಿ ಗೋಡೆ ಇನ್ನೂ ಖಾಲಿಯಿದೆ, ಅಲ್ಲಿ ಅಂಟಿಸೋಣ.